ಹಿಡಕಲ್ ಕೆಳಗಿನ ಘಟಪ್ರಭೆಯಲ್ಲಿ ನಾಲ್ಕು ದಿನ

ಮೊದಲ ದಿನ, ಜನವರಿ 12

ಬೆಳಗಾವಿಯಿಂದ ಬೆಳಿಗ್ಗೆ ಏಳಕ್ಕೆ ಬೈಕ್ ಹತ್ತಿದೆ. ಬೆನ್ನಿಗೆ ಒಂದು ಉದ್ದನೆಯ ಕೊಳವೆ ಕಟ್ಟಿಕೊಂಡಿದ್ದೆ. ಅದರೊಳಗೆ ಒಂಬತ್ತು ಅಡಿಯ ಗಾಳದ ಕೋಲು, ನಾಲ್ಕು ತುಂಡಾಗಿ ಬಿಚ್ಚಿಟ್ಟಿದ್ದು. ಹೆದ್ದಾರಿಯಲ್ಲಿ ಚಳಿ ಜಾಸ್ತಿ ಇತ್ತು. ಯಮಕನಮರಡಿಯಲ್ಲಿ ಚಹಾ ಕುಡಿದು ಹಿಡಕಲ್ ಅಣೆಕಟ್ಟೆ ಕಡೆ ತಿರುಗಿದೆ. ದಾರಿಯುದ್ದಕ್ಕೂ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು. ಹಿಂದೆ ಎರಡೆರಡು ಟ್ರೇಲರ್, ಅವನ್ನು ದಾಟಬೇಕಾದರೆ ಜೀವ ಕೈಯಲ್ಲಿ ಹಿಡಿದುಕೊಳ್ಳಬೇಕು.

ಈ ಪ್ರವಾಸದ ಬೀಜ ಬಿದ್ದದ್ದು ಎರಡು ವರ್ಷದ ಹಿಂದೆ, ಹಿಮಾಚಲದ ತೀರ್ಥನ್ ನದಿಯಲ್ಲಿ. ಅಲ್ಲಿ ಪರವಾನಗಿ ತೆಗೆದುಕೊಂಡು ಟ್ರೌಟ್ ಮೀನಿಗೆ ಫ್ಲೈ ಫಿಶಿಂಗ್ ಮಾಡುವುದನ್ನು, ಅಂದರೆ ಗಾಳಕ್ಕೆ ನಕಲಿ ಹುಳ ಕಟ್ಟಿ ಮೀನು ಹಿಡಿಯುವುದನ್ನು ಕಲಿತೆ. ಟ್ರೌಟ್ ನಮ್ಮ ದೇಶದ ಮೀನಲ್ಲ. ಬ್ರಿಟಿಷರು ತಂದು ಬಿಟ್ಟದ್ದು. ಕುಲ್ಲು ಕಣಿವೆಗೆ ಅದು ಬಂದದ್ದು 1909ರ ಸುಮಾರಿಗೆ. ಅದಕ್ಕೆ ತಣ್ಣನೆಯ ನೀರೇ ಬೇಕು. 20 ಡಿಗ್ರಿ ದಾಟಿತೆಂದರೆ ಒದ್ದಾಡಲು ಶುರು ಮಾಡುತ್ತದೆ. ಅಮೆರಿಕದಲ್ಲಿ ಎತ್ತರದ ಅಣೆಕಟ್ಟೆಗಳ ಕೆಳಗೂ ಟ್ರೌಟ್ ಸಾಕಿದ್ದಾರೆ. ಆಳವಾದ ಜಲಾಶಯದಲ್ಲಿ ಬಿಸಿಲಿಗೆ ಮೇಲಿನ ನೀರು ಮಾತ್ರ ಕಾಯುತ್ತದೆ, ತಳದ್ದು ತಣ್ಣಗೇ ಇರುತ್ತದೆ. ತಳದ ನೀರನ್ನು ಹೊರಗೆ ಬಿಟ್ಟರೆ ಕೆಳಗಿನ ನದಿ ಬೇಸಿಗೆಯಲ್ಲೂ ತಂಪು. ನ್ಯೂ ಮೆಕ್ಸಿಕೋದ ಸ್ಯಾನ್ ಹ್ವಾನ್ ನದಿ ನವಾಹೋ ಅಣೆಕಟ್ಟೆಯ ಕೆಳಗೆ ಹೀಗೆಯೇ ಟ್ರೌಟ್ ನದಿಯಾಯಿತು.

ಅದನ್ನು ಓದಿದ ದಿನದಿಂದ ನನ್ನ ತಲೆಯಲ್ಲಿ ಒಂದೇ ಹುಳ. ನಮ್ಮ ಘಟಪ್ರಭೆಯೂ ಹಿಡಕಲ್ ಕೆಳಗೆ ಅಣೆಕಟ್ಟೆಯ ನದಿಯೇ ಅಲ್ವಾ? ಟ್ರೌಟ್ ಇಲ್ಲ, ಸರಿ. ಆದರೆ ಈ ನೀರಿನಲ್ಲಿ ಹುಳ ತಿನ್ನುವ ಮೀನು ಇಲ್ಲದೆ ಇರುತ್ತದೆಯೇ? ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಎಲ್ಲಿ ಹಿಡಿಯಬಹುದು, ಎಲ್ಲಿ ಹಿಡಿಯಬಾರದು ಎಂದು ಮೊದಲೇ ಕೇಳಿಕೊಂಡಿದ್ದೆ.

ಅಣೆಕಟ್ಟೆಯನ್ನು ದೂರದಿಂದಲೇ ನೋಡಿದೆ. ರಾಜಾ ಲಖಮಗೌಡ ಜಲಾಶಯ ಎಂದು ಅದರ ಹೆಸರು. ಹತ್ತು ಕಿಲೋಮೀಟರಿಗೂ ಉದ್ದ, 62 ಮೀಟರ್ ಎತ್ತರ, 51 ಟಿಎಂಸಿ ನೀರು. ಬುಡದಲ್ಲಿ ವಿದ್ಯುತ್ ಮನೆ, 16 ಮೆಗಾವ್ಯಾಟಿನ ಎರಡು ಯಂತ್ರ. ಅಲ್ಲಿಂದ ಹೊರಬಿದ್ದ ನೀರು ನದಿಯಲ್ಲೇ ಹರಿದು ಧುಪದಾಳಕ್ಕೆ ಹೋಗುತ್ತದೆ. ಧುಪದಾಳದಲ್ಲಿ 1897ರಷ್ಟು ಹಳೆಯದಾದ ಒಡ್ಡು ಇದೆ. ಘಟಪ್ರಭಾ ಎಡದಂಡೆ ಕಾಲುವೆ ಶುರುವಾಗುವುದು ಆ ಒಡ್ಡಿನಿಂದ. ಅಂದರೆ ಹಿಡಕಲ್‌ನಿಂದ ಧುಪದಾಳದವರೆಗೆ ನದಿಯೇ ಕಾಲುವೆ. ಮಳೆಗಾಲ ಮುಗಿದ ಮೇಲೆ ಇಲ್ಲಿ ನೀರು ಏರುವುದು, ಇಳಿಯುವುದು ಅಣೆಕಟ್ಟೆ ಬಿಟ್ಟಷ್ಟು.

ನಾವು ಉಳಿದದ್ದು ನಡುವಿನ ಒಂದು ಹಳ್ಳಿಯಲ್ಲಿ, ಮಾಮಾನ ಬೀಗರ ಮನೆಯಲ್ಲಿ. ಮಾಮಾ ಎಂದರೆ ನಮ್ಮ ಸೋದರಮಾಮಾ. ಬನಹಟ್ಟಿಯವನು, ನೇಕಾರ. ಮಧ್ಯಾಹ್ನದ ಬಸ್ಸಿಗೆ ಬಂದಿಳಿದ. ಅವನ ಕೈಚೀಲದಲ್ಲಿ ನಾನು ಹೇಳಿದ್ದೆಲ್ಲ ಇತ್ತು: ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗಳು, ನೆರೆಮನೆಯ ಜವಾರಿ ಹುಂಜದ ಕುತ್ತಿಗೆಯ ಗರಿ, ಸುಟ್ಟ ಪಂಪ್‌ಸೆಟ್ಟಿನ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ.

ರಾತ್ರಿ ಊಟ ಆದ ಮೇಲೆ ದೀಪದ ಕೆಳಗೆ ಕುಳಿತು ಫ್ಲೈ ಕಟ್ಟಿದೆವು. ಫ್ಲೈ ಎಂದರೆ ಗಾಳದ ಕೊಕ್ಕೆಗೆ ದಾರ, ಗರಿ ಸುತ್ತಿ ಮಾಡಿದ ಹುಳ. ಮಾಮಾ ಅದಕ್ಕೆ 'ಸುಳ್ಳು ನೊಣ' ಎಂದು ಹೆಸರಿಟ್ಟ. ನಾನು ಒಂದು ಕಟ್ಟುವಷ್ಟರಲ್ಲಿ ಅವನು ಮೂರು ಕಟ್ಟಿದ. ನಲವತ್ತು ವರ್ಷ ಹರಿದ ಎಳೆ ಜೋಡಿಸಿದ ಬೆರಳು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕೊಕ್ಕೆಯ ಮೇಲೆ ಕೆಂಪು ರೇಷ್ಮೆಯನ್ನು ಒಂದರ ಪಕ್ಕ ಒಂದು, ಎಳೆ ಮೇಲೆ ಎಳೆ ಹತ್ತದ ಹಾಗೆ ಸುತ್ತಿದ. ಕೊನೆಗೆ ಗರಿಯನ್ನು ಎರಡು ಸುತ್ತು ತಿರುಗಿಸಿದಾಗ ಅದರ ಎಸಳುಗಳು ಸುತ್ತಲೂ ಚಕ್ರದ ಅರೆಗಳ ಹಾಗೆ ನಿಂತವು. ಒಂದು ಬಟ್ಟಲು ನೀರಿನಲ್ಲಿ ಬಿಟ್ಟು ನೋಡಿದೆವು. ಮುಳುಗಲಿಲ್ಲ. ಗರಿಯ ತುದಿಗಳ ಮೇಲೆ ನಿಂತುಕೊಂಡಿತು, ಅವುಗಳ ಕೆಳಗೆ ನೀರು ಸ್ವಲ್ಪವೇ ತಗ್ಗಿತ್ತು.

"ಬಿಗಿ ಭಾಳ ಹಾಕಬ್ಯಾಡ ಅಳಿಯಾ, ರೇಷ್ಮಿ ತಾನ ಕುಂದರತೈತಿ" ಎಂದ.

ಅಷ್ಟರಲ್ಲಿ ಅವನಿಗೆ ತಮ್ಮನ ಫೋನು ಬಂತು. ನಾಳೆಯಿಂದ ಕಾಲುವೆಗೆ ನೀರು ಜಾಸ್ತಿ ಮಾಡುತ್ತಾರಂತೆ, ಇನ್ನೇನು ತಮ್ಮ ಪಾಳಿ ಬರುತ್ತದಂತೆ. ಮಾಮಾನಿಗೆ ಕಾಲುವೆ ಕೆಳಗೆ ಎರಡು ಎಕರೆ ಇದೆ. ಕಬ್ಬು. ಅವರಿಬ್ಬರೂ ತುಂಬಾ ಹೊತ್ತು ಆ ಮಾತೇ ಆಡಿದರು. ನಾನು ಗರಿ ಆರಿಸುತ್ತಾ ಕೂತಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನೆಯ ದಿನ, ಜನವರಿ 13, ಭೋಗಿ

ಬೀಗರ ಮನೆಯಲ್ಲಿ ಬೆಳಗಿನ ಜಾವದಿಂದಲೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಸಪ್ಪಳ. ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಆರೂವರೆಗೆ ಹೊಳೆಗೆ ಇಳಿದೆವು.

ನದಿ ಸಣ್ಣದಾಗಿತ್ತು. ಬಂಡೆಗಳ ನಡುವೆ ಮೂರ್ನಾಲ್ಕು ಸೆಳೆತ, ಅವುಗಳ ಕೆಳಗೆ ಮಡು. ಮೇಲೆ ತೆಳು ಮಂಜು. ಥರ್ಮಾಮೀಟರ್ ಅದ್ದಿದೆ. 22 ಡಿಗ್ರಿ. ಟ್ರೌಟ್ ಇಲ್ಲಿ ಬದುಕುವುದಿಲ್ಲ ಎಂಬುದು ಅಲ್ಲಿಗೆ ಖಾತ್ರಿ. ಚಳಿಗಾಲದ ಬೆಳಗಿನಲ್ಲೇ ಇಷ್ಟಾದರೆ ಮೇ ತಿಂಗಳಲ್ಲಿ ಎಷ್ಟೋ. ನನಗೆ ಬೇಜಾರೇನೂ ಆಗಲಿಲ್ಲ. ಹೊರಗಿನ ಮೀನು ತಂದು ಬಿಡುವ ಆಸೆ ನನಗೆ ಎಂದೂ ಇರಲಿಲ್ಲ. ಈ ನದಿಗೆ ತನ್ನದೇ ಆದದ್ದು ಇದೆ, ಅದನ್ನು ನೋಡಬೇಕಿತ್ತು.

ಕೋಲು ಜೋಡಿಸುವ ಮೊದಲು ಮೊಣಕಾಲುದ್ದದ ನೀರಿಗೆ ಇಳಿದು ಒಂದು ಕಲ್ಲು ಎತ್ತಿ ತಿರುಗಿಸಿದೆ. ಫ್ಲೈ ಫಿಶಿಂಗ್‌ನಲ್ಲಿ ಮೊದಲು ಮಾಡಬೇಕಾದ್ದು ಇದೇ, ಮೀನಿನ ಊಟ ಏನೆಂದು ನೋಡುವುದು. ಕಲ್ಲಿನ ಅಡಿಗೆ ಮರಳಿನ ಕಣಗಳನ್ನು ಅಂಟಿಸಿ ಕಟ್ಟಿದ ಸಣ್ಣ ಸಣ್ಣ ಗೂಡುಗಳಿದ್ದವು. ಅವು ಕ್ಯಾಡಿಸ್ ಹುಳದ ಮನೆ. ಪಕ್ಕದಲ್ಲಿ ಚಪ್ಪಟೆ ಮೈಯ ಇನ್ನೊಂದು ಹುಳ ಸರ್ರನೆ ಓಡಿತು. ಅಂಗೈಯಲ್ಲಿ ನೀರು ಹಿಡಿದು ಅದನ್ನು ಬಿಟ್ಟುಕೊಂಡೆ. ಹಿಂದೆ ಕೂದಲಿನಂಥ ಮೂರು ಬಾಲ. ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರುಗಳು, ಪಟಪಟ ಬಡಿಯುತ್ತಿದ್ದವು. ಮೇಫ್ಲೈ ಮರಿ. ತೀರ್ಥನ್‌ನಲ್ಲಿ ಇದರ ಬಳಗದ ಹುಳವನ್ನೇ ನೋಡಿದ್ದೆ. ಮಾಮಾನನ್ನು ಕೂಗಿ ಕರೆದು ತೋರಿಸಿದೆ. ಅವನು ಕನ್ನಡಕ ಏರಿಸಿ ನೋಡಿದ. "ಇಷ್ಟು ವರ್ಷ ಈ ಹೊಳಿಯಾಗ ಜಳಕಾ ಮಾಡೇವಿ, ಒಂದ ದಿನಾ ಕಲ್ಲ ಹೊಳ್ಳಿಸಿ ನೋಡಿಲ್ಲ" ಎಂದ.

ಆಮೇಲೆ ಎರಡು ಗಂಟೆ ಹಗ್ಗ ಬೀಸಿದೆ. ಹಗ್ಗ ಎಂದೇ ಹೇಳಬೇಕು. ಮಾಮೂಲಿ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಆ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ. ದಪ್ಪ ದಾರವೇ ತೂಕ. ಅದನ್ನು ಹಿಂದಕ್ಕೆ ಬೀಸಿ, ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಮುಂದಕ್ಕೆ ತರಬೇಕು. ನನಗೆ ಕಾಯುವುದೇ ಬರುತ್ತಿರಲಿಲ್ಲ. ದಾರ ಬಂದು ಬಂದು ಕಾಲ ಬಳಿ ಗುಡ್ಡೆ ಬೀಳುತ್ತಿತ್ತು.

ದಡದಲ್ಲಿ ಒಬ್ಬ ಅಜ್ಜ ಬಲೆ ಬಿಡಿಸುತ್ತಾ ಕೂತಿದ್ದ. ಅಂಬಿಗರ ಅಜ್ಜ. ಬಹಳ ಹೊತ್ತು ಸುಮ್ನೆ ನೋಡಿದ. ಆಮೇಲೆ ಕೇಳಿದ:

"ತಮ್ಮಾ, ಎತ್ತ ಹೊಡದಿ ಏನು ಎಂದಾರ?"

"ಇಲ್ಲ ಅಜ್ಜಾ."

"ಅದಕ್ಕ. ಬಾರಕೋಲ ಹಿಂದ ಹೋಗಿ ಬಿಚ್ಚಿಕೊಳ್ಳಾಕ ಬಿಡಬೇಕು. ಅವಸರ ಮಾಡಿದ್ರ ನಿನ್ನ ಮೈಗೇ ಬಡೀತೈತಿ."

ತೀರ್ಥನ್‌ನಲ್ಲಿ ಮೂರು ದಿನ ಗಡಿಯಾರದ ಹತ್ತು ಗಂಟೆ, ಎರಡು ಗಂಟೆ ಎಂದು ಕೋಲಿನ ಜಾಗ ತೋರಿಸಿ ಹೇಳಿಕೊಟ್ಟಿದ್ದರು. ಅಜ್ಜನ ಒಂದು ಮಾತಿಗೆ ಕೈ ತಿಳಿದುಕೊಂಡಿತು. ಹಿಂದಕ್ಕೆ ಬೀಸಿ, ಬಾರುಕೋಲಿನ ತುದಿ ಹೋಗಿ ಮುಟ್ಟಿತು ಅನ್ನಿಸುವವರೆಗೆ ತಡೆದೆ. ದಾರ ಮುಂದೆ ಸುರುಳಿ ಬಿಚ್ಚುತ್ತಾ ಹೋಗಿ ನೀರಿನ ಮೇಲೆ ನೆಟ್ಟಗೆ ಮಲಗಿತು. ಅಜ್ಜ ತಲೆಯಾಡಿಸಿ ಬಲೆಯ ಕಡೆ ತಿರುಗಿದ.

ಆ ಖುಷಿಯಲ್ಲಿ ನಾನು ನದಿಯ ನಡುವಿನ ಬಂಡೆಗೆ ಹೋದೆ. ಮೊಣಕಾಲು ಮಟ್ಟದ ನೀರು ದಾಟಿದರೆ ಸಾಕಿತ್ತು. ಹತ್ತು ಗಂಟೆ ಹೊತ್ತಿಗೆ ನೀರಿನ ಮೇಲೆ ಒಣ ಹುಲ್ಲು, ಕಸ, ಬಿಳಿ ನೊರೆ ತೇಲಿ ಬರಲು ಶುರುವಾಯಿತು. ನಾನು ಫ್ಲೈ ಮೇಲೆ ಕಣ್ಣಿಟ್ಟಿದ್ದೆ. ಅಜ್ಜ ಎದ್ದು ನಿಂತು ಕೂಗಿದ. "ನೀರ ಬಿಟ್ಟಾರ! ಹೊರಗ ಬಾ!" ಏನೆಂದು ಅರ್ಥವಾಗುವಷ್ಟರಲ್ಲಿ ಬಂಡೆಯ ಒಣ ಅಂಚು ಒದ್ದೆಯಾಗಿತ್ತು. ದಾಟುವಾಗ ನೀರು ಸೊಂಟಕ್ಕೆ ಬಂತು. ಕಾಲ ಕೆಳಗಿನ ಕಲ್ಲು ಉರುಳಿತು. ಅಜ್ಜ ದೋಣಿಯ ಜಲ್ಲೆ ಚಾಚಿದ, ಅದನ್ನು ಹಿಡಿದುಕೊಂಡೇ ದಡ ಸೇರಿದೆ. ಮಾಮಾನ ಮುಖ ಬಿಳುಚಿಕೊಂಡಿತ್ತು.

ಬೈಯಲಿಲ್ಲ. "ನಿನ್ನೆ ರಾತ್ರಿ ಫೋನಿನ್ಯಾಗ ಮಾತಾಡಿದ್ದ ಇದಾ ನೀರು" ಎಂದ ಅಷ್ಟೇ. ನಾಚಿಕೆಯಾಯಿತು. ಅವನ ಹೊಲಕ್ಕೆ ಹೋಗುವ ನೀರು ನನ್ನ ಕಾಲ ಕೆಳಗೇ ಹಾದು ಹೋಗಬೇಕು ಎಂದು ನನಗೆ ಹೊಳೆದೇ ಇರಲಿಲ್ಲ. ಅಣೆಕಟ್ಟೆಯ ಕೆಳಗೆ ನೀರಿಗೆ ಇಳಿಯುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಆಕಾಶ ಎಷ್ಟೇ ಶುಭ್ರವಾಗಿರಲಿ, ನೀರು ಬರುತ್ತದೆ. ದಡದ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ, ಐದು ನಿಮಿಷಕ್ಕೊಮ್ಮೆ ನೋಡಿ. ತೇಲಿ ಬರುವ ಕಸ ಮೊದಲ ಸುದ್ದಿ. ನಡುಬಂಡೆಗೆ ಹೋಗಲೇಬೇಡಿ. ಅಲ್ಲಿನವರನ್ನು ಕೇಳದೆ ಇಳಿಯಬೇಡಿ.

ಅವತ್ತು ಒಂದು ಮೀನೂ ಸಿಗಲಿಲ್ಲ.

ಮೂರನೆಯ ದಿನ, ಜನವರಿ 14, ಸಂಕ್ರಾಂತಿ

ಬೆಳಿಗ್ಗೆ ಹೊಳೆಯಲ್ಲಿ ಜಾಗವೇ ಇರಲಿಲ್ಲ. ಊರಿಗೆ ಊರೇ ಪುಣ್ಯಸ್ನಾನಕ್ಕೆ ಬಂದಿತ್ತು. ಹೊಳೆ ದಂಡೆಯಲ್ಲೇ ಬುತ್ತಿ ಬಿಚ್ಚಿ ಕೂತಿದ್ದರು. ಎಣಗಾಯಿ, ಕಾಳುಪಲ್ಯ, ಶೇಂಗಾ ಹೋಳಿಗೆ, ಮೊಸರು. ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆವು. ಗುರುತಿಲ್ಲದ ಅವ್ವಂದಿರು ಕೈಗೆ ಎಳ್ಳುಬೆಲ್ಲ ಹಾಕಿ "ಎಳ್ಳು ಬೆಲ್ಲದಂಗ ಇರೋಣು" ಎಂದರು. ಅಂಬಿಗರ ಅಜ್ಜನಿಗೂ ಕೊಟ್ಟೆವು. ಅವನು ಸಂಜೆ ನಾಲ್ಕಕ್ಕೆ ಬಾ ಎಂದ.

ಸಂಜೆ ನದಿ ಬೇರೆಯೇ ಆಗಿತ್ತು. ಹೊಸ ನೀರು ದಂಡೆಯ ಹುಲ್ಲಿನೊಳಗೆ ಹತ್ತಡಿ ನುಗ್ಗಿ ನಿಂತಿತ್ತು. ಅಜ್ಜ ನಡುಹೊಳೆ ಕಡೆ ನೋಡಲೇ ಇಲ್ಲ. ನಮ್ಮನ್ನು ಬಗ್ಗಿ ನಡೆಸಿಕೊಂಡು ಆ ಹುಲ್ಲಿನ ಅಂಚಿಗೆ ಕರೆದೊಯ್ದು ಬೆರಳು ತೋರಿಸಿದ. ಮೊಣಕಾಲುದ್ದದ ನೀರಿನಲ್ಲಿ ಕೆಸರು ಮೋಡದ ಹಾಗೆ ಏಳುತ್ತಿತ್ತು. ಸಣ್ಣ ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ನಡುವೆ ಒಂದು ಬಾಲ ನೀರಿನಿಂದ ಮೇಲೆ ಬಂದು ಮೆಲ್ಲಗೆ ಅಲ್ಲಾಡಿ ಒಳಗೆ ಹೋಯಿತು.

"ಗೆಂಡಿ. ತಲಿ ಕೆಳಗ ಮಾಡಿ ಮೇಯಾಕ ಹತ್ತೈತಿ."

ಸಾಮಾನ್ಯ ಗೆಂಡೆ, ಕಾಮನ್ ಕಾರ್ಪ್. ಅದೂ ಹೊರಗಿನಿಂದ ಬಂದ ಮೀನೇ, ಆದರೆ ಈಗ ಎಲ್ಲ ಕೆರೆ, ಡ್ಯಾಮಿನಲ್ಲೂ ಇದೆ. ಹೊಸದಾಗಿ ಮುಳುಗಿದ ನೆಲದ ಹುಳ ತಿನ್ನಲು ದಂಡೆಗೆ ಬರುತ್ತದೆ. ತೇಲುವ ಫ್ಲೈ ಇಲ್ಲಿ ಕೆಲಸಕ್ಕೆ ಬರದು. ಮಾಮಾ ಕಟ್ಟಿದ ನಿಂಫ್, ಅಂದರೆ ನೀರೊಳಗಿನ ಮರಿಹುಳದ ಹಾಗೆ ಕಟ್ಟಿದ ಫ್ಲೈ ತೆಗೆದೆ. ಅದರ ಒಳಗೆ ಪಂಪ್‌ಸೆಟ್ಟಿನ ತಾಮ್ರದ ತಂತಿ ಸುತ್ತಿದ್ದರಿಂದ ಮುಳುಗುತ್ತದೆ. ಮೀನಿನ ಮೂತಿಯಿಂದ ಎರಡು ಅಡಿ ಆಚೆ ಎಸೆದು, ನೆಲಕ್ಕೆ ಇಳಿಯಲು ಬಿಟ್ಟು, ಕೂದಲೆಳೆಯಷ್ಟು ಎಳೆದೆ. ಕೆಸರಿನ ಮೋಡ ಆ ಕಡೆ ಸರಿಯಿತು. ನಿಂತಿತು. ದಾರದ ತುದಿ ಒಂದು ಬೆರಳಿನಷ್ಟು ಪಕ್ಕಕ್ಕೆ ಜಾರಿತು.

ಕೋಲು ಎತ್ತಿದೆ. ಮುಂದಿನ ಹತ್ತು ನಿಮಿಷ ನನಗೆ ಸರಿಯಾಗಿ ನೆನಪಿಲ್ಲ. ಅದು ಹೊಳೆಯ ನಡುವಿಗೆ ನುಗ್ಗಿತು. ರೀಲ್ ಕಿರ್ರೆಂದಿತು. ಎರಡು ಸಲ ದಂಡೆಗೆ ತಂದೆ, ಎರಡು ಸಲವೂ ಓಡಿತು. ಮಾಮಾ ಬೆನ್ನ ಹಿಂದೆ "ಸಡಿಲ ಬಿಡ, ಎಳಿ ಹರೀತೈತಿ, ಸಡಿಲ ಬಿಡ" ಎನ್ನುತ್ತಲೇ ಇದ್ದ. ಕೊನೆಗೆ ಅಜ್ಜ ನೀರಿಗಿಳಿದು ಬುಟ್ಟಿಯಲ್ಲಿ ಎತ್ತಿಕೊಂಡ. ಎರಡು ಕಿಲೋ ಹತ್ತಿರ ಇರಬಹುದು. ಬಾಯಿ ಕೆಳಮುಖವಾಗಿತ್ತು, ಕೊಳವೆಯ ಹಾಗೆ ಮುಂದಕ್ಕೆ ಚಾಚುತ್ತಿತ್ತು. ಬಾಯಿಯ ಮೂಲೆಯಲ್ಲಿ ಸಣ್ಣ ಮೀಸೆ. ನಿಂಫ್ ಕೆಳತುಟಿಗೆ ಕಚ್ಚಿಕೊಂಡಿತ್ತು. ಬನಹಟ್ಟಿಯ ಕೆಂಪು ರೇಷ್ಮೆ ಒಂದು ಎಳೆಯೂ ಬಿಚ್ಚಿರಲಿಲ್ಲ.

ಬೀಗರ ಮನೆಯಲ್ಲಿ ಮೀನು ಒಲೆ ಹತ್ತುವುದಿಲ್ಲ. ಮೀನು ಅಜ್ಜನ ಮನೆಗೆ ಹೋಯಿತು. ಅವನು ಬದಲಿಗೆ ಒಂದು ಮಡಿಲು ಜೋಳದ ಹಸಿ ತೆನೆ ಕೊಟ್ಟ. ರಾತ್ರಿ ಅಂಗಳದಲ್ಲಿ ಸೀತನಿ ಸುಟ್ಟು, ಬೆಲ್ಲದ ಜೊತೆ ತಿಂದೆವು.

ತಿನ್ನುತ್ತಾ ಅಜ್ಜ ಹೇಳಿದ ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅವನು ಹುಡುಗನಾಗಿದ್ದಾಗ ಡ್ಯಾಮ್ ಪೂರ್ತಿ ಆಗಿರಲಿಲ್ಲ. ಮುಂಗಾರಿನ ಮೊದಲ ಕೆಂಪು ನೀರಿಗೆ ಮೀನುಗಳು ಮೊಟ್ಟೆ ಇಡಲು ಸಾಲುಗಟ್ಟಿ ಮೇಲಕ್ಕೆ ಏರುತ್ತಿದ್ದವಂತೆ. 1977ರಲ್ಲಿ ಅಣೆಕಟ್ಟೆ ಮುಗಿಯಿತು. ಈಗ ಕೆಳಗಿನ ಮೀನು ಅಲ್ಲಿಗೆ ಬಂದು ನಿಂತುಬಿಡುತ್ತದೆ. ನೀರು ಒಮ್ಮೆಲೇ ಬಿಟ್ಟು ಒಮ್ಮೆಲೇ ನಿಲ್ಲಿಸಿದರೆ ದಂಡೆಯ ಕಲ್ಲು ಒಣಗಿ, ಅದರ ಕೆಳಗಿನ ಹುಳ ಸಾಯುತ್ತವೆ. ಕಬ್ಬಿಗೂ ನೀರು ಬೇಕು, ಊರಿಗೂ ಬೇಕು, ನಿಜ. ಆದರೆ ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವುದು, ಪಾಳಿ ಇಲ್ಲದ ದಿನವೂ ಕಲ್ಲು ನೆನೆಯುವಷ್ಟು ನೀರು ಬಿಡುವುದು ಆಗದ ಮಾತೇನಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ನಾಲ್ಕನೆಯ ದಿನ, ಜನವರಿ 15

ಹೊರಡುವ ಮೊದಲು ಒಂದು ಗಂಟೆ ಇತ್ತು. ನೀರು ಒಂದೇ ಮಟ್ಟಕ್ಕೆ ನಿಂತಿತ್ತು. ಬಿಸಿಲು ಬಿದ್ದ ಕೂಡಲೇ ಸೆಳೆತದ ಅಂಚಿನಲ್ಲಿ ಮಳೆ ಹನಿ ಬಿದ್ದ ಹಾಗೆ ಸಣ್ಣ ಸಣ್ಣ ಉಂಗುರಗಳು ಏಳತೊಡಗಿದವು. ಯಾವುದೋ ಮೀನು ನೀರಿನ ಮೇಲಿನ ಹುಳ ಕಚ್ಚುತ್ತಿತ್ತು.

ನಮ್ಮಲ್ಲಿದ್ದ ಅತಿ ಸಣ್ಣ ತೇಲುವ ಫ್ಲೈ ಕಟ್ಟಿದೆ. ದಾರ ನೀರಿಗೆ ಬಿದ್ದ ಮೇಲೆ ಅದನ್ನು ಹರಿವಿನ ಮೇಲ್ಗಡೆಗೆ ಬಿಲ್ಲಿನ ಹಾಗೆ ಮಡಿಸಿಟ್ಟೆ. ಇಲ್ಲದಿದ್ದರೆ ಹರಿವು ದಾರವನ್ನು ಎಳೆದು, ಅದರ ಹಿಂದೆ ಫ್ಲೈ ಗೆರೆ ಎಳೆಯುತ್ತಾ ಓಡುತ್ತದೆ, ಮೀನಿಗೆ ಮೋಸ ತಿಳಿದುಹೋಗುತ್ತದೆ. ಕೆಂಪು ಚುಕ್ಕೆ ಗರಿಯ ಮೇಲೆ ನಿಂತು ತೇಲಿತು. ಉಂಗುರ ಎದ್ದಿತು. ಚುಕ್ಕೆ ಮಾಯ.

ಬೆರಳುದ್ದದ ಮೀನು. ಕೈ ಒದ್ದೆ ಮಾಡಿಕೊಂಡು ಹಿಡಿದೆ. ಒಣ ಕೈಯಾದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಮೈ ತೆಳ್ಳಗೆ, ಬೆಳ್ಳಿಯ ತಗಡು. ಬೆನ್ನು ಹಸಿರು. ಬಾಯಿ ಮೇಲಕ್ಕೆ ತಿರುಗಿತ್ತು. ನಿನ್ನೆಯ ಗೆಂಡೆಯದು ಕೆಳಗೆ, ಇದರದ್ದು ಮೇಲೆ. ನೆಲ ನೋಡಿ ಬದುಕುವ ಮೀನಲ್ಲ, ಆಕಾಶ ನೋಡಿ ಬದುಕುವ ಮೀನು. ಇದಕ್ಕೆ ಏನಂತಾರೆ ಎಂದು ಅಜ್ಜನನ್ನು ಕೇಳಿದೆ. "ಸಣ್ಣ ಮೀನಾ. ಇದು ಯಾರೂ ತಂದು ಬಿಟ್ಟದ್ದಲ್ಲ, ಹೊಳಿದಾ" ಎಂದ.

ಮುಳ್ಳಿಲ್ಲದ ಕೊಕ್ಕೆ, ಸುಲಭವಾಗಿ ಬಿಚ್ಚಿತು. ಮಾಮಾ ತಾನೇ ಬಿಡುತ್ತೇನೆ ಎಂದ. ಮೀನು ತಿನ್ನದವನು, ಎಂದೂ ಮೀನು ಮುಟ್ಟದವನು, ಎರಡೂ ಕೈ ನೀರಲ್ಲಿ ಅದ್ದಿ ಬಟ್ಟಲು ಮಾಡಿ ಕಾದ. ಅವನ ಬೆರಳುಗಳ ನಡುವೆ ಅದು ಒಂದು ಗಳಿಗೆ ನಿಂತು, ಹೋಯಿತು. ಇಷ್ಟು ಸಣ್ಣ ಮೀನಿಗಾಗಿ ನಾನು ಇನ್ನೂ ನೂರು ಸಲ ಬರುತ್ತೇನೆ.

ಮಧ್ಯಾಹ್ನ ಮಾಮಾನನ್ನು ಹಿಂದೆ ಕೂರಿಸಿಕೊಂಡು ಧುಪದಾಳಕ್ಕೆ ಹೋದೆ. ಅದು ಪಕ್ಷಿಧಾಮದ ನೀರು, ಅಲ್ಲಿ ಗಾಳ ಬಿಚ್ಚುವ ಮಾತೇ ಇಲ್ಲ. ಕೋಲು ಕೊಳವೆಯಲ್ಲೇ ಇತ್ತು. ಕೊಕ್ಕರೆಗಳು ಆಳವಿಲ್ಲದ ನೀರಿನಲ್ಲಿ ಕಾಲೂರಿ ನಿಂತಿದ್ದವು. ಒಡ್ಡಿನ ಒಂದು ಪಕ್ಕದಲ್ಲಿ ಕಾಲುವೆ ತುಂಬಿ, ಸದ್ದಿಲ್ಲದೆ, ವೇಗವಾಗಿ ಹೋಗುತ್ತಿತ್ತು. ಇನ್ನೊಂದು ಪಕ್ಕ ಗೋಕಾಕ ಜಲಪಾತದ ಕಡೆ ಹೋಗುವ ನದಿ. ಬರೀ ಬಂಡೆ, ನಡುವೆ ಒಂದೆರಡು ತೆಳು ಧಾರೆ. ಮಳೆಗಾಲದಲ್ಲಿ 52 ಮೀಟರಿನಿಂದ ಧುಮುಕುವ ಜಲಪಾತಕ್ಕೆ ಈಗ ಸಿಗುವುದು ಅಷ್ಟೇ.

ಮಾಮಾ ಕಾಲುವೆಯ ದಂಡೆಗೆ ಹೋಗಿ ನಿಂತ. ಇಷ್ಟು ವರ್ಷ ಈ ನೀರನ್ನು ಹೊಲದಲ್ಲಿ ಮಾತ್ರ ನೋಡಿದವನು. ಬಗ್ಗಿ ಒಂದು ಕೈ ಮುಳುಗಿಸಿದ. ಆಮೇಲೆ ತಮ್ಮನಿಗೆ ಫೋನು ಹಚ್ಚಿದ.

"ಹೂಂ, ಇಲ್ಲೇ ನಿಂತೇನಿ. ತುಂಬಿ ಹೊಂಟೈತಿ. ಪಾಳಿ ಬಂದ ಮ್ಯಾಲ ಎಲ್ಲಾ ಒಮ್ಮೆಗೇ ಒಡ್ಡು ಒಡದು ಬಿಡಬ್ಯಾಡ, ಸಾಲು ಸಾಲು ನೋಡಿ ಬಿಡು." ಸ್ವಲ್ಪ ಸುಮ್ಮನಾಗಿ ಸೇರಿಸಿದ. "ಮತ್ತ ಕಾಲುವಿಯಾಗ ಇಳದಾಗ ಒಂದ ಕಲ್ಲ ಹೊಳ್ಳಿಸಿ ನೋಡು. ಮೂರ ಬಾಲದ ಹುಳಾ ಇದ್ರ ನನಗ ಹೇಳು."